ದೇಹ ಸುಳ್ಳು ಹೇಳುವುದಿಲ್ಲವಂತೆ

“ಉಸಿರು ಬಿಡಿ” ಎಂದು ಶಿಬಿರದ ಗುರು ಹೇಳಿದಾಗಲೆಲ್ಲ ಹಾಲಿನಲ್ಲಿದ್ದವರೆಲ್ಲ ಪಂಕ್ಚರಾದ ಸೈಕಲ್ ಟ್ಯೂಬಿನ ಹಾಗೆ ಉಸ್ಸೆನ್ನುತ್ತಿದ್ದರು. ಬೆಳಗಿನಿಂದ ನಡೆದದ್ದು ಇಷ್ಟೇ ಕೆಲಸ. ಟೈಲ್ಸ್ ಅಂಗಡಿಯ ಮೇಲಿನ ಮಹಡಿ, ಗೋಡೆಯಿಂದ ಗೋಡೆಗೆ ಬೂದು ಕಾರ್ಪೆಟ್, ಮೂಲೆಯಲ್ಲಿ ಪರಿಮಳ ಉಗುಳುವ ಒಂದು ಯಂತ್ರ, ನಡುವೆ ದುಂಡಗೆ ಕೂತ ಹೊಟ್ಟೆ ತುಂಬಿದ ಜನ. ಇವರಲ್ಲಿ ಯಾರಿಗೂ ಉಸಿರಾಟದ ತೊಂದರೆ ಇದ್ದಂತೆ ಸೆಕ್ರೆಟರಿಗೆ ಕಾಣಲಿಲ್ಲ. ಗಾಳಿ ಎಲ್ಲರಿಗೂ ಬಿಟ್ಟಿ ಸಿಗುತ್ತದೆ. ಅದನ್ನು ಎಳೆದು ಬಿಡುವುದಕ್ಕೂ ಒಬ್ಬ ಮೇಸ್ತ್ರಿ ಬೇಕೆಂದು ನಂಬಿಸಿದವನ ಬುದ್ಧಿಗೆ ಮಾತ್ರ ಅವಳು ತಲೆದೂಗಿದಳು. ಮಧ್ಯಾಹ್ನದೊಳಗೆ ಆತನಿಗೆ ಮನಸ್ಸಿನಲ್ಲೇ ಉಸಿರಪ್ಪ ಎಂದು ಹೆಸರಿಟ್ಟು ಮುಗಿಸಿದ್ದಳು.

ಅವಳ ಹೆಸರೂ ಹುಟ್ಟಿನದಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಾಗ ಹೆಂಗಸರ ಸಂಘಕ್ಕೆ ಕಾರ್ಯದರ್ಶಿಯಾದಳು. ಎಕ್ಸ್‌ಚೇಂಜ್ ಮುಚ್ಚಿತು, ಸಂಘ ಕರಗಿತು, ಹೆಸರು ಉಳಿಯಿತು. ಕಟ್ಟಿಕೊಂಡ ಗಂಡನೂ ಸೆಕ್ರೆಟರಿ ಎಂದೇ ಕರೆಯುತ್ತಿದ್ದ. ಆತ ಹಲ್ಲು ಸೆಟ್ಟು ಮಾಡುವವನು. ಊರಿನ ಅರ್ಧಕ್ಕರ್ಧ ಮುದುಕರು ನಗುವುದು ಅವನ ದಯೆಯಿಂದ. ಈಗಲೂ ಮನೆಯ ಹಿಂದಿನ ಕೋಣೆಯಲ್ಲಿ ಮೋಟಾರು ಹಾಕಿಕೊಂಡು ಗುರ್ ಎನಿಸುತ್ತ ಕೂರುತ್ತಿದ್ದ. ಕಡಿಮೆ ಮಾತಿನವನು. ಅವಳ ಪಾಲಿಗೆ ಅದು ಅನುಕೂಲವೇ ಆಗಿತ್ತು. ಮನೆಯಲ್ಲಿ ಭಾಷಣಕ್ಕೆ ಒಬ್ಬಳು, ಕೇಳುವುದಕ್ಕೆ ಒಬ್ಬ.

ಇಲ್ಲಿಗೆ ಅವರನ್ನು ತಳ್ಳಿದವಳು ಮಗಳು. ಒಂದು ವರ್ಷದಿಂದ ಅಪ್ಪ ಅಮ್ಮ ಒಂದೇ ಸೋಫಾದಲ್ಲಿ ಬಸ್ಸಿನ ಅಪರಿಚಿತ ಪ್ರಯಾಣಿಕರ ಹಾಗೆ ಕೂರುವುದನ್ನು ನೋಡಿ, ‘ಹುಟ್ಟಿನಿಂದ ಮುಪ್ಪಿನವರೆಗೆ: ದೇಹ, ಮನಸ್ಸು, ಕಾಮ’ ಎಂಬ ಈ ಶಿಬಿರಕ್ಕೆ ಇಬ್ಬರ ಹೆಸರನ್ನೂ ಕೊಟ್ಟುಬಿಟ್ಟಿದ್ದಳು. “ಅಮ್ಮಾ, ಅವರು ದೇಹ ಓದ್ತಾರೆ. ನೀವು ಏನೂ ಹೇಳೋದೇ ಬೇಡ” ಎಂದಿದ್ದಳು. ಏನೂ ಹೇಳಬೇಕಾಗಿಲ್ಲ ಎಂಬ ಮಾತಿಗೆ ಅಪ್ಪ ಒಪ್ಪಿದ. ಅದೇ ಮಾತಿಗೆ ಅಮ್ಮನಿಗೆ ಅನುಮಾನ ಬಂತು.

ಉಸಿರಪ್ಪನ ಸಿದ್ಧಾಂತದಲ್ಲಿ ತಪ್ಪು ಹುಡುಕಲು ಅವಳಿಗೆ ಮೊದಲು ಆಗಲಿಲ್ಲ. ಮನುಷ್ಯ ನುಂಗಿಕೊಂಡದ್ದೆಲ್ಲ ಎಲ್ಲೂ ಹೋಗುವುದಿಲ್ಲ, ಮೈಯಲ್ಲೇ ಕೂರುತ್ತದೆ. ಬೈಗುಳ ದವಡೆಯಲ್ಲಿ, ಹೊರೆ ಹೆಗಲಲ್ಲಿ, ಬಾಯಿಬಿಟ್ಟು ಹೇಳಲಾಗದ ಬೇಡಗಳೆಲ್ಲ ಸೊಂಟದಲ್ಲಿ. ಮಗುವಿಗೂ ಸುಖ ಗೊತ್ತು, ಮುದುಕಿಗೂ ಸುಖ ಗೊತ್ತು, ನಡುವೆ ಹೆದರಿಸಿದವರು ನಾವು. ಇದನ್ನು ಕೇಳಿ ಅವಳು, ಪರವಾಗಿಲ್ಲವಲ್ಲ, ಈತನಿಗೆ ಸಂಘದ ಸದಸ್ಯತ್ವ ಕೊಡಬಹುದು ಎಂದುಕೊಂಡಳು. ತೊಂದರೆ ಶುರುವಾದದ್ದು ಟೇಪಿನಿಂದ.

ಕಾರ್ಪೆಟ್ಟಿನ ಉದ್ದಕ್ಕೂ ಒಂದು ಬಿಳಿ ಬಟ್ಟೆಯ ಟೇಪು ಹಾಸಿದರು. ಒಂದು ತುದಿಯಲ್ಲಿ ‘ತೊಟ್ಟಿಲು’ ಎಂಬ ಚೀಟಿ. ಆಮೇಲೆ ಶಾಲೆ, ಹರೆಯ, ಮದುವೆ, ನಡುವಯಸ್ಸು. ಕೊನೆಯ ಚೀಟಿಯಲ್ಲಿ ‘ಜ್ಞಾನ’. ಕಣ್ಣುಮುಚ್ಚಿ ಒಬ್ಬೊಬ್ಬರೇ ಅದರ ಮೇಲೆ ನಡೆಯಬೇಕು. ಮೈ ಎಲ್ಲಿ ಬಿಗಿಯುತ್ತದೋ ಅಲ್ಲಿ ನಿಲ್ಲಬೇಕು. ಬಿಗಿತವನ್ನು ಉಸಿರಪ್ಪ ಓದುತ್ತಾನೆ.

“ಜ್ಞಾನ ಅಂದ್ರೆ ಏನ್ ಸಾರ್?” ಅಂದಳು ಸೆಕ್ರೆಟರಿ.

“ಐವತ್ತರ ನಂತರ ಕಾಮ ಸ್ಪರ್ಶ ಆಗುತ್ತೆ. ಸ್ಪರ್ಶ ಮೌನ ಆಗುತ್ತೆ. ಮೌನ ಜ್ಞಾನ ಆಗುತ್ತೆ.”

“ಯಾರಿಗೆ?”

ಹಾಲಿನಲ್ಲಿ ನಗು ಎದ್ದಿತು. ಉಸಿರಪ್ಪನೂ ನಕ್ಕ, ಕಾಲು ತುಳಿದವರಿಗೆ ಪರವಾಗಿಲ್ಲ ಎನ್ನುವಂಥ ನಗು. ಬೆಳ್ಳಗಿನ ಕೂದಲನ್ನು ಹಿಂದಕ್ಕೆ ಕಟ್ಟಿ, ಬರಿಗಾಲಲ್ಲಿ ಬೆಕ್ಕಿನ ಹಾಗೆ ಓಡಾಡುತ್ತಿದ್ದ ಆತನದು ಹತ್ತಿಯಲ್ಲಿ ಸುತ್ತಿದ ದನಿ. “ಪ್ರಶ್ನೆ ಕೇಳೋದು ಒಳ್ಳೆಯ ರಕ್ಷಾಕವಚ,” ಎಂದ. “ಉಸಿರು ಬಿಡಿ.”

ಇನ್ನೊಂದು ನಿಯಮವೂ ಇತ್ತು. ನಡಿಗೆ ಮುಗಿಯುವ ತನಕ ಯಾರೂ ವೃತ್ತ ಬಿಟ್ಟು ಏಳುವಂತಿಲ್ಲ. ಒಬ್ಬರು ಎದ್ದರೆ ಎಲ್ಲರ ಶಕ್ತಿ ಸೋರಿಹೋಗುತ್ತದಂತೆ. ಸೋರುವುದರ ಬಗ್ಗೆ ಸೆಕ್ರೆಟರಿಗೆ ಆ ಹಾಲಿನಲ್ಲಿ ಎಲ್ಲರಿಗಿಂತ ಹೆಚ್ಚು ಗೊತ್ತಿತ್ತು. ಒಂದು ವರ್ಷದಿಂದ ಅವಳಿಗೆ ಮೂತ್ರ ತಡೆಯಲು ಆಗುತ್ತಿರಲಿಲ್ಲ. ಕೆಮ್ಮಿದರೆ ಸೋರಿತು, ನಕ್ಕರೆ ಸೋರಿತು, ಬೀಗದ ಕೈ ಬಾಗಿಲಿಗೆ ಹಾಕುವಷ್ಟರಲ್ಲಿ ಸೋರಿತು. ಮಗಳಿಗೆ ಹೇಳಿರಲಿಲ್ಲ, ಡಾಕ್ಟರಿಗೆ ಹೇಳಿರಲಿಲ್ಲ, ಗಂಡನಿಗಂತೂ ಸತ್ತರೂ ಹೇಳುವವಳಾಗಿರಲಿಲ್ಲ. ಮೈಕಿನ ಮುಂದೆ ನಿಂತು ಮಂತ್ರಿಗಳ ಜನ್ಮ ಜಾಲಾಡಿದ ಬಾಯಿ ಈ ಒಂದು ವಿಷಯಕ್ಕೆ ಹೊಲಿದುಕೊಂಡಿತ್ತು.

ಬೆಳಗಿನಿಂದ ಕುಡಿಸಿದ ಗಿಡಮೂಲಿಕೆ ಚಹಾ ಬೇರೆ. ಬ್ಯಾಂಕ್ ಮ್ಯಾನೇಜರೊಬ್ಬ ‘ಶಾಲೆ’ಯ ಚೀಟಿಯ ಮೇಲೆ ನಿಂತು ಕರ್ಚೀಫ್ ನೆನೆಯುವಷ್ಟು ಅತ್ತ. ಹೊಸದಾಗಿ ಮದುವೆಯಾದ ಹುಡುಗಿ ‘ಹರೆಯ’ದಲ್ಲಿ ನಡುಗಿದಳು. ಒಬ್ಬೊಬ್ಬರ ಕಣ್ಣೀರು ಇಳಿಯುವುದನ್ನು ನೋಡುತ್ತ ಸೆಕ್ರೆಟರಿ ಹಲ್ಲು ಕಚ್ಚಿ ಕೂತಳು. ಅವಳ ಸರದಿ ಬರುವಷ್ಟರಲ್ಲಿ ಇಡೀ ಲೋಕವೇ ಒಂದು ಮುಷ್ಟಿಯಾಗಿ ಕಿಬ್ಬೊಟ್ಟೆಯಲ್ಲಿ ಕೂತಿತ್ತು. ಕಣ್ಣುಮುಚ್ಚಿ ಟೇಪಿನ ಮೇಲೆ ಸರಸರ ನಡೆದುಬಿಟ್ಟಳು, ಬೇಗ ಮುಗಿದರೆ ಸಾಕೆಂದು. ‘ಮದುವೆ’ಯ ಹತ್ತಿರ ಬಂದಾಗ ಒಳಗಿಂದ ಒಂದು ಅಲೆ ಒತ್ತಿ ಬಂತು. ನಿಂತಳು. ತೊಡೆ ಬಿಗಿದಳು, ಸೊಂಟ ಕಲ್ಲಾಯಿತು, ಉಸಿರು ಕಟ್ಟಿತು.

“ಅಲ್ಲೇ,” ಎಂದ ಉಸಿರಪ್ಪ, ಗಾಳಕ್ಕೆ ಮೀನು ಸಿಕ್ಕವನ ಸಡಗರದಲ್ಲಿ. ಹತ್ತಿರ ಬಂದು ಅವಳ ಸೊಂಟದಿಂದ ಒಂದು ಗೇಣು ದೂರದಲ್ಲಿ ತನ್ನ ಕೈ ನಿಲ್ಲಿಸಿದ. “ನೋಡಿ ಎಲ್ಲರೂ. ಈ ಬಾಗಿಲು ನೋಡಿ. ಇಡೀ ಜೀವಮಾನದಲ್ಲಿ ಒಮ್ಮೆಯೂ ಹೂಂ ಅನ್ನದ ದೇಹ ಇದು. ಮದುವೆಯ ಮೊದಲ ದಿನದಿಂದ ಬಾಗಿಲು ಹಾಕಿಕೊಂಡು ಕಾವಲು ಕೂತಿದೆ.”

“ಏನೇನೋ ಹೇಳ್ಬೇಡಿ,” ಅಂದಳು ಅವಳು ಹಲ್ಲಿನ ಸಂದಿಯಿಂದ.

“ಬಾಯಿ ಬೇಡ ಅನ್ನುತ್ತೆ, ಅದು ಸಹಜ. ಬಾಯಿ ಸುಳ್ಳು ಹೇಳುತ್ತೆ. ದೇಹ ಸುಳ್ಳು ಹೇಳಲ್ಲ.” ಆಮೇಲೆ ಗಂಡನ ಕಡೆ ತಿರುಗಿ, ದನಿಗೆ ಹತ್ತಿಯನ್ನು ಇನ್ನಷ್ಟು ಸುತ್ತಿ, “ನಿಮಗೆ ಇದು ಒಳಗೊಳಗೇ ಗೊತ್ತಿತ್ತು. ಅಲ್ವಾ?” ಎಂದ.

ಅವಳು ಕಣ್ಣು ಬಿಟ್ಟಳು. ಗಂಡ ಇಲ್ಲ ಎನ್ನಲಿಲ್ಲ. ಯಾರದೋ ಬಾಯಿಗೆ ಕೂರದ ಹಲ್ಲು ಸೆಟ್ಟನ್ನು ನೋಡುವ ಹಾಗೆ ಅವಳನ್ನೇ ನೋಡುತ್ತಿದ್ದ, ಎಲ್ಲಿ ತಪ್ಪಾಯಿತೆಂದು.

ಮನೆಗೆ ಬಂದವನೇ ಹಾಸಿಗೆ ಸುತ್ತಿಕೊಂಡು ಹಿಂದಿನ ಕೋಣೆಗೆ ಹೊರಟ. ಅಲ್ಲಿ ಗೋಡೆಯ ಮೂರು ಕಡೆಯೂ ಹಲಗೆಗಳು, ಹಲಗೆಗಳ ತುಂಬ ಹಲ್ಲಿನ ಅಳತೆಗೆ ತೆಗೆದ ಪ್ಲಾಸ್ಟರಿನ ದವಡೆಗಳು, ಬಾಯಿ ತೆರೆದು ಏನೂ ಹೇಳದೆ.

“ಏನ್ರೀ ಇದು ನಾಟಕ?”

“ನಾಟಕ ಅಲ್ಲ. ನಿನಗೆ ಇನ್ಮೇಲಾದ್ರೂ ಆರಾಮಾಗಿರ್ಲಿ ಅಂತ.”

“ಅವನ್ಯಾರೋ ಗಾಳಿ ಮಾರೋನು ಹೇಳಿದ್ದು ವೇದವಾಕ್ಯನಾ? ನಾಲ್ಕು ದಶಕ ಜೊತೆಗೆ ಮಲಗಿದ ನಿಮಗೆ ಗೊತ್ತಿಲ್ಲದ್ದು, ಒಂದು ಗೇಣು ದೂರದಲ್ಲಿ ಕೈ ನಿಲ್ಲಿಸಿದ ಅವನಿಗೆ ಗೊತ್ತಾಗಿಬಿಡ್ತಾ?”

ಆತ ದಿಂಬನ್ನು ದವಡೆಗಳ ನಡುವೆ ಇಟ್ಟು, ಗೋಡೆಯ ಕಡೆ ಮುಖ ಮಾಡಿ ಹೇಳಿದ: “ಒಂದು ವರ್ಷದಿಂದ ನಾನು ಕೈ ಚಾಚಿದ್ರೆ ನೀನು ಎದ್ದು ಹೋಗ್ತೀಯ. ಅದೂ ಅವನು ಕಲಿಸಿದ್ದಾ?”

ಅವಳು ಹಲಗೆಯ ಮೇಲಿನ ಒಂದು ದವಡೆಯನ್ನು ಅತ್ತಿತ್ತ ಸರಿಸಿದಳು.

“ಈ ಒಂದು ವರ್ಷದ್ದು ಬಿಡು,” ಆತ ಮುಂದುವರಿಸಿದ, ಇಡೀ ವಾರಕ್ಕಾಗುವಷ್ಟು ಮಾತು ಒಂದೇ ಸಲ ಆಡುತ್ತ. “ಅದಕ್ಕೂ ಹಿಂದಿನದೆಲ್ಲ ಏನು? ನೀನು ಸಹಿಸಿಕೊಂಡಿದ್ಯಾ? ಅಷ್ಟೂ ವರ್ಷ ನಾನು ಒಬ್ಬ… ನಾನೇನು ಮಾಡ್ದೆ ನಿನಗೆ?”

“ನನಗೆ ಆಗ ಉಚ್ಚೆ ಬಂದಿತ್ತು ಕಣ್ರೀ!”

ಆತ ತಿರುಗಿ ನೋಡಿದ. ನಗಲಿಲ್ಲ. “ಏನೋ ಒಂದು ಕಾರಣ ಹೇಳ್ತೀಯ ಅಂತ ಅವರು ಆಗಲೇ ಹೇಳಿದ್ರು. ಹೊರಡುವಾಗ. ಪುಟ್ಟ ಕಾರಣ ಹೇಳ್ತಾರೆ, ನಂಬಬೇಡಿ, ಪ್ರೀತಿಯಿಂದ ಕೇಳಿಸಿಕೊಳ್ಳಿ ಅಂದ್ರು.” ಹೇಳಿ, ಪ್ರೀತಿಯಿಂದಲೇ ಕೇಳಿಸಿಕೊಳ್ಳುವ ಮುಖ ಮಾಡಿ ನಿಂತ. ಆ ಮುಖಕ್ಕೆ ಒಂದು ದವಡೆ ಎತ್ತಿ ಬೀಸೋಣವೆನ್ನಿಸಿತು ಅವಳಿಗೆ.

ಎಂಥ ಚೆಂದದ ಬೋನು! ಹೌದು ಎಂದರೆ ಹೌದು, ಅಲ್ಲ ಎಂದರೂ ಹೌದು. ಅವಳು ಮ್ಯಾನೇಜ್‌ಮೆಂಟುಗಳನ್ನು ನೋಡಿದ್ದಳು, ಪೊಲೀಸರನ್ನು ನೋಡಿದ್ದಳು. ಅವರೂ ಇಷ್ಟು ನಾಜೂಕಾಗಿ ಬಾಯಿ ಮುಚ್ಚಿಸಿರಲಿಲ್ಲ. ಲಾಠಿಗಾದರೂ ನಾನು ಹೊಡೆಯುತ್ತಿದ್ದೇನೆ ಎಂದು ಗೊತ್ತಿರುತ್ತದೆ. ಈತ ಹೆಣ್ಣಿನ ಮಾತನ್ನು ಹೆಣ್ಣಿನ ದೇಹದ ಹೆಸರಿನಲ್ಲೇ ಕಸಿದುಕೊಂಡಿದ್ದ, ಅದಕ್ಕೆ ವಿಮೋಚನೆ ಎಂಬ ಹೆಸರನ್ನೂ ಇಟ್ಟಿದ್ದ.

ಮಂಚದ ಮೇಲೆ ಒಬ್ಬಳೇ ಕೂತು ಅವಳು ತನ್ನ ಟೇಪನ್ನು ತಾನೇ ಹಾಸಿಕೊಂಡಳು. ಶಾಲೆ: ಹುಡುಗಿಯರ ಪಾಯಖಾನೆಗೆ ಬಾಗಿಲಿರಲಿಲ್ಲ, ಸಂಜೆಯ ತನಕ ತಡೆದದ್ದು. ಎಕ್ಸ್‌ಚೇಂಜ್: ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಸಾಲಾಗಿ ಕೂತ ಹೆಂಗಸರು, ಬದಲಿ ಬರುವ ತನಕ ಬೋರ್ಡು ಬಿಟ್ಟು ಏಳುವಂತಿಲ್ಲ, ಬದಲಿ ಬರುತ್ತಲೇ ಇರಲಿಲ್ಲ. ಗೆಳತಿಯೊಬ್ಬಳು ತುಂಬು ಬಸಿರಿನಲ್ಲಿ ಕುರ್ಚಿಯಲ್ಲೇ ಒದ್ದೆಯಾದ ಮಧ್ಯಾಹ್ನ ಇವಳು ಬೋರ್ಡಿನಿಂದ ವಯರು ಕಿತ್ತು ಎದ್ದು ನಿಂತದ್ದು, ಸಂಘ ಹುಟ್ಟಿದ್ದು ಅಲ್ಲಿಂದ. ಸೊಂಟದಲ್ಲಿ ಬಿಗಿತ ಇದೆಯೇ? ಇದೆ. ಖಂಡಿತ ಇದೆ. ಆದರೆ ಅದರ ಮೇಲೆ ಗಂಡನ ಹೆಸರಿಲ್ಲ ಕಣೋ ಉಸಿರಪ್ಪಾ, ಸೂಪರ್‌ವೈಸರನ ಹೆಸರಿದೆ. ನಿನ್ನ ಟೇಪಿನ ಮೇಲೆ ತೊಟ್ಟಿಲಿದೆ, ಮದುವೆ ಇದೆ, ದುಡಿಮೆಯ ಚೀಟಿಯೇ ಇಲ್ಲ. ದುಡಿಯದವರ ದೇಹವನ್ನಷ್ಟೇ ಓದಿ ಕಲಿತವನ ಅಕ್ಷರಮಾಲೆಯಲ್ಲಿ ಅಷ್ಟೇ ಇರುತ್ತದೆ.

ಮತ್ತೆ ಮಂಚ? ಮಂಚದ ಕಥೆಯೂ ಒಂದೇ ರೀತಿ ಇರಲಿಲ್ಲ. ಮೊದಲ ವರ್ಷ ಗೋಡೆಯಾಚೆ ಅತ್ತೆ ಕೆಮ್ಮುತ್ತಿದ್ದರು. ಇಬ್ಬರೂ ಕಳ್ಳರ ಹಾಗೆ, ಒಬ್ಬರ ಬಾಯಿಗೆ ಒಬ್ಬರು ಕೈ ಅಡ್ಡ ಹಿಡಿದು. ಆಮೇಲೆ ಬಸಿರಿನ ಭಯ, ಬಾಣಂತನದ ಸುಸ್ತು, ಬಾಣಂತನ ಮುಗಿದರೂ ಮುಗಿಯದ ಪಾಳಿಗಳು. ಮುಟ್ಟು ನಿಂತ ಮೇಲೆ ನೋಡಿ, ಯಾರೂ ಹೇಳಿಕೊಡದ ಒಂದು ಕಾಲ ಬಂತು. ಭಯವಿಲ್ಲ, ಅತ್ತೆಯಿಲ್ಲ, ಮಗಳು ತನ್ನ ಮನೆಯಲ್ಲಿ. ಹಾಡುಹಗಲೇ ಮೋಟಾರು ನಿಲ್ಲಿಸಿ ಕೈ ಒರೆಸಿಕೊಳ್ಳುತ್ತ ಬರುತ್ತಿದ್ದ ಗಂಡ. ಇಬ್ಬರ ಮೈಯೂ ಸಡಿಲಾಗಿತ್ತು, ಇಬ್ಬರ ನಾಚಿಕೆಯೂ ಸಡಿಲಾಗಿತ್ತು. ಜ್ಞಾನವಂತೆ, ಜ್ಞಾನ!

ಆಮೇಲೆ ಒಂದು ದಿನ, ಅಂಥದೇ ಒಂದು ಹಗಲು, ಆತನೇನೋ ತಮಾಷೆ ಹೇಳಿದ, ಇವಳು ನಕ್ಕಳು, ಹಾಸಿಗೆ ಒದ್ದೆಯಾಯಿತು. ಆತನಿಗೆ ಗೊತ್ತಾಗುವ ಮೊದಲೇ ಚಾದರ ಎಳೆದುಕೊಂಡು ಎದ್ದು ಹೋಗಿದ್ದಳು. ಅಂದಿನಿಂದ ಕೈ ಚಾಚಿದಾಗಲೆಲ್ಲ ಎದ್ದು ಹೋದಳು. ಮುದುಕಿಯ ಮೂತ್ರದ ವಾಸನೆ ಎಂಬ ಮಾತು ಅವಳ ತಲೆಯಲ್ಲಿ ಎಲ್ಲಿಂದಲೋ ಬಂದು ಕೂತಿತ್ತು. ಲೋಕಕ್ಕೆಲ್ಲ ನಾಚಿಕೆ ಬಿಡಿಸಲು ಹೊರಟಿದ್ದವಳು ತನ್ನ ಹಾಸಿಗೆಯ ಮೇಲಿನ ಒಂದು ಒದ್ದೆ ಕಲೆಗೆ ಹೆದರಿ, ಗಂಡನನ್ನು ವರ್ಷವಿಡೀ ಬಾಗಿಲಾಚೆ ನಿಲ್ಲಿಸಿದ್ದಳು. ಉಸಿರಪ್ಪನ ಸುಳ್ಳು ನಿಂತದ್ದು ಈ ಮೌನದ ಮೇಲೆಯೇ. ಇದು ಅರ್ಥವಾದಾಗ ಅವಳಿಗೆ ಆತನ ಮೇಲಿದ್ದ ತಿರಸ್ಕಾರ ಒಂದಿಷ್ಟೂ ಕಡಿಮೆಯಾಗಲಿಲ್ಲ. ಆದರೆ ಆ ತಿರಸ್ಕಾರದಲ್ಲಿ ತನಗೂ ಒಂದು ಪಾಲು ಎತ್ತಿಡಬೇಕಾಯಿತು.

ಮುಂದಿನ ವಾರದ ಶಿಬಿರಕ್ಕೆ ಗಂಡ ಒಬ್ಬನೇ ಹೊರಟ. ತಾನೂ ಬರುತ್ತೇನೆಂದು ಅವಳು ಚಪ್ಪಲಿ ಮೆಟ್ಟಿದಳು.

“ಜಗಳ ಮಾಡೋಕಾ?”

“ಚಹಾ ಕುಡಿಯೋಕೆ.”

ಅಂದು ಗಂಡನ ಸರದಿ. ವೃತ್ತದ ನಡುವೆ ಅವನನ್ನು ನಿಲ್ಲಿಸಿ, ಎದುರಿಗೆ ಒಂದು ಖಾಲಿ ಕುರ್ಚಿ ಹಾಕಿ, ಅದರ ಮೇಲೆ ಸುರುಳಿ ಸುತ್ತಿದ ಕಂಬಳಿಯನ್ನು ಇಟ್ಟರು. ಕಂಬಳಿ ಹೆಂಡತಿಯಂತೆ. ನಿಜವಾದ ಹೆಂಡತಿ ಕೈಯಳತೆ ದೂರದಲ್ಲಿ ಕೂತಿರುವಾಗ!

“ಅವಳಿಗೆ ಹೇಳಿ,” ಎಂದ ಉಸಿರಪ್ಪ. “ನೀನು ಎಂದೂ ನನ್ನನ್ನು ಬಯಸಲಿಲ್ಲ. ನಾನು ನಿನ್ನನ್ನು ಬಿಟ್ಟುಕೊಡುತ್ತೇನೆ.”

ಗಂಡ ಕಂಬಳಿಯನ್ನು ನೋಡಿದ. ಬಾಯಿ ತೆರೆದ. ಆ ವಾಕ್ಯ ಅವನ ಬಾಯಿಂದ ಹೊರಬಿದ್ದರೆ ಮತ್ತೆ ಒಳಗೆ ಹಾಕಲು ಯಾರಿಂದಲೂ ಆಗುವುದಿಲ್ಲವೆಂದು ಸೆಕ್ರೆಟರಿಗೆ ಗೊತ್ತಿತ್ತು. ಅವನು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವವನಲ್ಲ, ಅದಕ್ಕೇ ಕಡಿಮೆ ಆಡುತ್ತಿದ್ದ.

ಅವಳು ಎದ್ದು ನಿಂತಳು. “ನಂಗೆ ಉಚ್ಚೆ ಬಂದಿದೆ,” ಎಂದಳು, ಮೈದಾನಕ್ಕೆ ಕೇಳಿಸುವ ಹಳೆಯ ದನಿಯಲ್ಲಿ.

ಬ್ಯಾಂಕ್ ಮ್ಯಾನೇಜರ್ ಬಾಯಿ ತೆರೆದ. ಯಾರೋ ಕಿಸಕ್ಕೆಂದರು.

“ಕೂತ್ಕೊಳ್ಳಿ,” ಎಂದ ಉಸಿರಪ್ಪ. “ಸತ್ಯ ಹತ್ತಿರ ಬಂದಾಗ ದೇಹ ಓಡಿಹೋಗೋಕೆ ದಾರಿ ಹುಡುಕುತ್ತೆ. ಆ ಒತ್ತಡದ ಜೊತೆ ಇರಿ. ಉಸಿರು ಬಿಡಿ.”

“ಉಸಿರು ಬಿಟ್ರೆ ನಿಮ್ಮ ಕಾರ್ಪೆಟ್ ಹಾಳಾಗುತ್ತೆ, ಸಾರ್. ಕಳೆದ ವಾರವೂ ಇದೇ ಬಂದಿತ್ತು. ನೀವು ಓದಿದ್ದು ಇದನ್ನೇ. ತೊಗೊಳ್ಳಿ, ಈಗ ನಿಮ್ಮ ಶಕ್ತಿ ಸೋರಲಿ.” ವೃತ್ತದ ಮಧ್ಯದಿಂದಲೇ, ಟೇಪನ್ನು ತುಳಿದುಕೊಂಡು, ಕಂಬಳಿಯ ಪಕ್ಕದಲ್ಲಿ ಹಾದು ನಡೆದಳು. ಬಾಗಿಲಲ್ಲಿ ತಿರುಗಿ ಗಂಡನಿಗೆ, “ನೀವು ಬನ್ನಿ. ಹೇಳೋದಿದೆ. ಕಂಬಳಿ ಎಲ್ಲೂ ಹೋಗಲ್ಲ,” ಎಂದಳು.

ಕಾರಿಡಾರಿನ ಕೊನೆಯಲ್ಲಿ ಪಾಯಖಾನೆ. ಸೇರುವಷ್ಟರಲ್ಲಿ ಅರ್ಧ ಸೋರಿತ್ತು. ಒಳಗೆ ಕೂತು, ಗೋಡೆಗೆ ತಲೆ ಆನಿಸಿ ಕೇಳಿಸಿಕೊಂಡಳು. ಹೆಜ್ಜೆ ಸಪ್ಪಳ ಬಂದು ಬಾಗಿಲಾಚೆ ನಿಂತಿತು.

“ಇದ್ದೀರಾ?”

“ಹ್ಞೂಂ.”

“ಮುಖ ನೋಡಿ ಹೇಳೋಕಾಗಲ್ಲ. ಇಲ್ಲಿಂದಲೇ ಹೇಳ್ತೀನಿ. ನಂಗೆ ತಡೆಯೋಕಾಗಲ್ಲ. ವರ್ಷ ಆಯ್ತು. ನಕ್ಕರೂ ಆಗುತ್ತೆ. ನಿಮ್ಮ ಜೊತೆ ಇದ್ದಾಗ್ಲೇ ಮೊದಲು ಆಗಿದ್ದು, ಆ ತಮಾಷೆ ಹೇಳಿದ್ರಲ್ಲ, ಮುದುಕ ಹಲ್ಲು ಸೆಟ್ಟು ಹಾಕ್ಕೊಳ್ಳೋಕೆ ಮರೆತು ಮದುವೆಗೆ ಹೋದದ್ದು. ಆವತ್ತು. ಅದಕ್ಕೇ ಎದ್ದು ಹೋಗ್ತಿದ್ದೆ. ಬೇಡ ಅಂತಲ್ಲ. ನೀವು ಬೇಕು ಅನ್ನಿಸಿದ್ದಕ್ಕೇ ಹೋಗ್ತಿದ್ದೆ, ದರಿದ್ರ.”

ಹಾಲಿನೊಳಗಿಂದ ಉಸ್ಸೆಂಬ ಸಾಮೂಹಿಕ ಸದ್ದು.

“ಕೇಳಿಸ್ತಾ?”

“ಕೇಳಿಸ್ತು.” ದನಿ ನಡುಗಿತು. ಅಳು ಎಂದುಕೊಂಡಳು. ಅಳುವಾಗಿರಲಿಲ್ಲ. “ಒಂದು ವರ್ಷ! ಒಂದು ವರ್ಷ ನನ್ನ ಉಪವಾಸ ಕೆಡವಿದ್ಯಲ್ಲ, ಅದು ಹೋಗ್ಲಿ. ನಾನು ಕನ್ನಡಿ ಮುಂದೆ ನಿಂತು ನನ್ನ ಬಾಯಿ ವಾಸನೆ ನೋಡ್ಕೊಂಡಿದ್ದೀನಿ ಗೊತ್ತಾ? ಮುದುಕನಾದೆ, ಅಸಹ್ಯ ಆಯ್ತು ಇವಳಿಗೆ ಅಂತ. ಊರಿಗೆಲ್ಲ ಭಾಷಣ ಬಿಗೀತೀಯ, ನನಗೆ ಒಂದು ಮಾತು ಹೇಳೋಕಾಗ್ಲಿಲ್ವಾ? ನಾನು ದಿನಾ ಜನರ ಎಂಜಲು ಮುಟ್ಟೋನು. ನಿನ್ನದಕ್ಕೆ ಹೇಸ್ತೀನಾ?”

“ಬೈಯ್ರಿ.”

“ಬೈತಾನೇ ಇದ್ದೀನಿ!”

ಬಾಗಿಲು ತೆರೆದಾಗ ಆತ ಗೋಡೆಗೆ ಬೆನ್ನು ಕೊಟ್ಟು, ಕಿವಿಯವರೆಗೂ ಕೆಂಪಾಗಿ ನಿಂತಿದ್ದ. ಉಸಿರಪ್ಪ ಬರಿಗಾಲಲ್ಲಿ ಸದ್ದಿಲ್ಲದೆ ಕಾರಿಡಾರಿಗೆ ಬಂದಿದ್ದ. “ಈ ಕೋಪ ಅಮೂಲ್ಯ,” ಎಂದ, ಎರಡೂ ಕೈ ಚಾಚಿ. “ಇದನ್ನು ವೃತ್ತದೊಳಗೆ ತನ್ನಿ. ಅವರು ಹೇಳಿದ ಕಾರಣದ ಹಿಂದೆ ಇನ್ನೂ ಆಳವಾದ…”

“ಹಿಂದೆ ಏನೂ ಇಲ್ಲ, ಸ್ವಾಮಿ,” ಎಂದ ಗಂಡ. “ಅವಳಿಗೆ ಉಚ್ಚೆ ಬಂದಿತ್ತು.”

“ಅದನ್ನೇ ನಾನು ಹೇಳಿದ್ದು, ಪುಟ್ಟ ಕಾರಣ…”

“ನಿಮ್ಮ ಕೆಳಗಿನ ಹಲ್ಲು ಕಟ್ಟಿಸಿದ್ದಲ್ವಾ? ಮಾತಾಡುವಾಗ ಅಲ್ಲಾಡ್ತಿದೆ. ಸರಿಮಾಡಿಸಿಕೊಳ್ಳಿ. ನನ್ನ ಹತ್ತಿರ ಮಾತ್ರ ಬರಬೇಡಿ.”

ಉಸಿರಪ್ಪನ ಕೈ ತಾನಾಗಿಯೇ ದವಡೆಗೆ ಹೋಯಿತು. ಸೆಕ್ರೆಟರಿ ಅದನ್ನು ಓದಲು ಹೋಗಲಿಲ್ಲ. ಅಷ್ಟರ ಮಟ್ಟಿಗೆ ಅವಳು ಸಭ್ಯಳು.

ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿದ್ದರೂ ಆತ ಕೂರಲಿಲ್ಲ. ಕಂಬಿ ಹಿಡಿದು ನಿಂತು, ಕಿಟಕಿಯಾಚೆ ನೋಡುತ್ತ ಹಲ್ಲು ಕಡಿದ. ಅವಳಿಗೆ ಅಂಥ ಬೇಸರವೇನೂ ಆಗಲಿಲ್ಲ. ಈ ಕೋಪ ಕಂಬಳಿಯ ಮೇಲಿನದಲ್ಲ, ಅವಳು ಮಾಡಿದ ತಪ್ಪಿಗೆ ಅವಳ ಮೇಲೇ ಬಂದದ್ದು. ಒಂದು ವಾರ ಸಹಾನುಭೂತಿ ತಿಂದ ಬಾಯಿಗೆ ಅದು ಖಾರವಾಗಿ, ಹಿತವಾಗಿತ್ತು.

“ಡಾಕ್ಟರಿಗೆ ತೋರಿಸಿದ್ಯಾ?” ಎಂದ, ಎರಡು ಸ್ಟಾಪು ಕಳೆದ ಮೇಲೆ.

“ಇಲ್ಲ.”

“ದಡ್ಡಿ.” ಇಡೀ ಬಸ್ಸಿಗೆ ಕೇಳಿಸಿತು.

ಮನೆಗೆ ಬಂದು ನೇರ ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಮೋಟಾರು ಗುರ್ ಎನ್ನತೊಡಗಿತು. ಅವಳು ಬಟ್ಟೆ ಬದಲಿಸಿದಳು, ಒದ್ದೆಯಾದದ್ದನ್ನು ಬಚ್ಚಿಡದೆ ಬಕೆಟ್ಟಿನಲ್ಲಿ ನೆನೆಹಾಕಿದಳು, ಹಾಸಿಗೆಯ ಮೇಲೆ ಕೂತು ಕಾಲು ಚಾಚಿದಳು. ಇಡೀ ಮಧ್ಯಾಹ್ನ ಯಾರದೋ ದವಡೆಯ ಮೇಲೆ ಸಿಟ್ಟು ತೀರಿಸಿಕೊಳ್ಳಲಿ, ಪಾಪ, ಆ ಬಾಯಿಯ ಗತಿ ಏನೋ ಎಂದುಕೊಂಡಳು.

ಮೋಟಾರು ನಿಂತಿತು.

“ಸೆಕ್ರೆಟರೀ,” ಎಂದು ಒಳಗಿಂದ ದನಿ, ಇನ್ನೂ ಪೂರ್ತಿ ಇಳಿಯದ ಸಿಟ್ಟಿನಲ್ಲಿ. “ಆ ದಪ್ಪ ಟವೆಲ್ಲುಗಳನ್ನೆಲ್ಲ ಎಲ್ಲಿಟ್ಟಿದ್ದೀಯ?”

“ಎಷ್ಟು ಬೇಕು?”

“ಇರೋದೆಲ್ಲ ತೆಗಿ.”

ಅವಳು ನಗಬಾರದೆಂದು ತುಟಿ ಕಚ್ಚಿದಳು, ಆಮೇಲೆ ಯಾಕೆ ಕಚ್ಚಬೇಕು ಎಂದು ಬಿಟ್ಟುಬಿಟ್ಟಳು.

“ಬೀರುವಿನ ಕೆಳಗಿನ ಖಾನೆಯಲ್ಲಿವೆ. ನೀವೇ ತೊಗೊಂಡು ಬನ್ನಿ. ಕೈ ಮಾತ್ರ ಸೋಪು ಹಾಕಿ ತೊಳ್ಕೊಳ್ಳಿ!”